ಹೊತ್ತಿಗೆ ಸರಿಯಾದ ತೇರ್ಗಡೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹೊಲದ ಕೆಲಸಕ್ಕೆಂದು ಸಾಲೆ ಬಿಟ್ಟು, ಎರಡು ವರುಷಗಳ ತರುವಾಯ ಮರಳಿದ ಹುಡುಗಿಯನ್ನು ಕಾಣದ ಶಿಕ್ಷಕರು ವಿರಳ. ಆಕೆಯನ್ನು ತ್ವರೆಯಿಂದ ದಾಟಿಸುವುದು ಧರ್ಮವೋ, ಸಾವಕಾಶವಾಗಿ ಕಲಿಯಗೊಡುವುದು ಧರ್ಮವೋ?

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಇಂಥವಳನ್ನು ವಯಸ್ಸಿಗೆ ತಕ್ಕ ಇಯತ್ತೆಯಲ್ಲಿಯೇ ಕೂಡ್ರಿಸಿ, ಓರಗೆಯವರನ್ನು ಸರಿಗಟ್ಟುವಂತೆ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. 14 ತುಂಬಿದರೂ ಎಂಟನೆಯ ಇಯತ್ತೆ ಮುಗಿಯುವವರೆಗೆ ಆ ಹಕ್ಕು ತೀರದು. ಇದು ನ್ಯಾಯವಾದುದೇ. ಚಿಕ್ಕ ಮಕ್ಕಳ ಸಾಲಿನಲ್ಲಿ ಕುಳಿತ ದೊಡ್ಡ ಹುಡುಗಿಗೆ ಅಕ್ಷರಕ್ಕಿಂತ ಮುಂಚೆ ನಾಚಿಕೆಯೇ ಪಾಠವಾಗುತ್ತದೆ.

ತೊಡಕಿರುವುದು ಹತ್ತನೆಯ ಇಯತ್ತೆಯಲ್ಲಿ. 1989ರಲ್ಲಿ ಸ್ಥಾಪಿತವಾಗಿ, ಈಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯೆನಿಸಿರುವ ಪರ್ಯಾಯ ಸಾಲೆಯು ಒಂದೊಂದೇ ವಿಷಯದಲ್ಲಿ ತೇರ್ಗಡೆಯಾಗಲು ಐದು ವರುಷಗಳ ಅವಕಾಶವೀಯುತ್ತದೆ. ಔದಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕೂಲಿಯವರ ಮನೆಯಲ್ಲಿ ಅಷ್ಟರೊಳಗೆ ಎರಡು ಸಲ ಬರ ಬಂದೀತು, ಹುಡುಗಿಗೆ ವರನೂ ಬಂದಾನು. ಕಾಲಾವಕಾಶ ಕೊಟ್ಟವರು ಕಾಲವನ್ನು ಕಾಯುವವರನ್ನೂ ಕೊಡಬೇಕಷ್ಟೆ? ಈ ಪರೀಕ್ಷೆಗೆ ಗಣಿತ, ಬರುವುದಕ್ಕೆ ವಿಜ್ಞಾನ ಎಂದು ಲೆಕ್ಕವಿಟ್ಟು, ಆಕೆ ಎರಡು ದಿನ ಬಾರದಿದ್ದರೆ ಮನೆಯ ಕಟ್ಟೆಯವರೆಗೆ ಹೋಗಿ ತಾಯಿಯೊಡನೆ ಮಾತಾಡುವವರೊಬ್ಬರು ಬೇಕು. ಇದಕ್ಕೆ ದೊಡ್ಡ ಪದವಿಯೇನೂ ಬೇಡ. ಓದುಬರಹ ಬಲ್ಲ ನಮ್ಮ ಮನೆಗಳಿಂದ ಆ ಒಬ್ಬರು ಹೊರಡುವರೋ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರವು ಕೂಡಲೆ ಬರಲಿಲ್ಲ.