ವಯಸ್ಸು ಕೇಳಿ ಕೊಡಲಿ ಎತ್ತಬೇಕು

ಬ್ರೆಜಿಲ್‌ನ ಅರಣ್ಯ ನಿಯಮಗಳಲ್ಲಿ ಒಂದು ಅಂಕಿಯಿದೆ: 50 ಸೆಂಟಿಮೀಟರ್. ಅಮೆಜಾನ್ ಕಾಡಿನಲ್ಲಿ ಪರವಾನಗಿ ಪಡೆದು ನಾಟಾ ಕಡಿಯುವವರು, ಆ ಜಾತಿಗೆಂದೇ ಬೇರೆ ಅಳತೆ ನಿಗದಿಯಾಗಿಲ್ಲದಿದ್ದರೆ, ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ಅಷ್ಟು ಮುಟ್ಟಿದ ಮರಗಳನ್ನಷ್ಟೇ ಉರುಳಿಸಬೇಕು. ಯಂತ್ರ ಹೊಕ್ಕ ಕಾಡಿನಲ್ಲಿ ಹೆಕ್ಟೇರಿಗೆ 30 ಘನ ಮೀಟರಿಗಿಂತ ಹೆಚ್ಚು ತೆಗೆಯುವಂತಿಲ್ಲ. ಒಮ್ಮೆ ಕಡಿದ ಜಾಗಕ್ಕೆ 25ರಿಂದ 35 ವರ್ಷ ಮತ್ತೆ ಗರಗಸ ಹೋಗುವಂತಿಲ್ಲ. ಹೇಳುವವರು ಕೇಳುವವರು ಇಲ್ಲದೆ ಕಾಡು ಬೋಳಿಸುವುದಕ್ಕಿಂತ ಇದು ಎಷ್ಟೋ ವಾಸಿ. ಆದರೂ ಈ ನಿಯಮದಲ್ಲಿ ದೊಡ್ಡ ಕೊರತೆಯೊಂದಿದೆ. ಅದು ಮರದ ದಪ್ಪ ಕೇಳುತ್ತದೆ, ವಯಸ್ಸು ಕೇಳುವುದಿಲ್ಲ.

ಒಂದೇ ಮಣ್ಣು, ಒಂದೇ ಮಳೆಯಲ್ಲಿ ನಿಂತ ಎರಡು ಮರಗಳು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ ಎಂದು ಮಲೆನಾಡಿನ ಯಾವ ರೈತನಿಗೂ ಹೇಳಿಕೊಡಬೇಕಿಲ್ಲ. ಹಾಲುವಾಣ ಕಣ್ಣೆದುರೇ ದಪ್ಪವಾಗುತ್ತದೆ, ಬೀಟೆ ನೆಟ್ಟವನ ಮೊಮ್ಮಕ್ಕಳಿಗೂ ನಾಟಾ ಕೊಡುವುದು ಅನುಮಾನ. ಅಮೆಜಾನ್‌ನಲ್ಲಿ ಈ ಅಂತರ ಇನ್ನೂ ಹೆಚ್ಚು. ನಮ್ಮಲ್ಲಿ ಹತ್ತಿಗೆಂದು ಬೆಳೆಸುವ ಬಿಳಿ ಬೂರುಗ ಅಲ್ಲಿನ ನದೀತೀರದ ಸ್ವಂತ ಮರ, ಸರಸರನೆ ಬೆಳೆಯುವ ಮೆದು ಜಾತಿ. ಅದರ ನೆರೆಯಲ್ಲೇ ಬೆಳೆಯುವ ಪಿರಾನ್ಹೇರಾ ಎಂಬ ಗಟ್ಟಿ ಮರ ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ದಪ್ಪವಾಗುತ್ತದೆ. ಎರಡಕ್ಕೂ ಒಂದೇ ಅಳತೆ, ಒಂದೇ ಸರದಿ ಎಂದರೆ ಮೊದಲನೆಯದನ್ನು ಸುಮ್ಮನೆ ಕಾಯಿಸುತ್ತೇವೆ, ಎರಡನೆಯದನ್ನು ನಿರ್ವಂಶ ಮಾಡುತ್ತೇವೆ.

ಹಾಗಾದರೆ ಮರದ ವಯಸ್ಸು ತಿಳಿಯುವುದು ಹೇಗೆ? ಚಳಿದೇಶಗಳಲ್ಲಿ ಇದು ಸುಲಭ. ಹಿಮ ಬಿದ್ದಾಗ ಬೆಳವಣಿಗೆ ನಿಲ್ಲುತ್ತದೆ, ವಸಂತದಲ್ಲಿ ಮತ್ತೆ ಶುರುವಾಗುತ್ತದೆ, ವರ್ಷಕ್ಕೊಂದು ಉಂಗುರ ಮೂಡುತ್ತದೆ. ಚಳಿಗಾಲವೇ ಇಲ್ಲದ ಉಷ್ಣವಲಯದ ಮರ ವರ್ಷವಿಡೀ ಒಂದೇ ಸಮನೆ ಬೆಳೆಯುತ್ತದೆ, ಅದರೊಳಗೆ ಉಂಗುರ ಹುಡುಕಿ ಫಲವಿಲ್ಲ ಎಂಬ ನಂಬಿಕೆ ವಿಜ್ಞಾನಿಗಳಲ್ಲೂ ಬಹುಕಾಲ ಉಳಿದಿತ್ತು.

ಈ ನಂಬಿಕೆ ಅಷ್ಟು ದಿನ ಬಾಳಿದ್ದೇ ಆಶ್ಚರ್ಯ. ಸಾಗುವಾನಿ ಹಲಗೆಯ ಕೊಯ್ದ ತುದಿಯನ್ನು ಉಳಿಯಿಂದ ನಯವಾಗಿ ಸವರಿ ನೋಡಿ: ಸೂಜಿಮೊನೆಯಷ್ಟು ಅಗಲದ ರಂಧ್ರಗಳ ಒಂದು ಸಾಲು, ಆಮೇಲೆ ಸಣ್ಣ ರಂಧ್ರಗಳ ದಟ್ಟ ಕಟ್ಟಿಗೆ, ಮತ್ತೆ ದೊಡ್ಡ ರಂಧ್ರಗಳ ಸಾಲು. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತ ಮರ ಮಳೆಯೊಂದಿಗೆ ಎಚ್ಚೆತ್ತ ಗುರುತು ಅದು. 1856ರಲ್ಲಿ ಬರ್ಮಾದ ಪೆಗು ಪ್ರಾಂತ್ಯದ ತೇಗದ ಕಾಡುಗಳ ಉಸ್ತುವಾರಿಗೆ ಬಂದ ಜರ್ಮನ್ ಸಸ್ಯವಿಜ್ಞಾನಿ ಡೀಟ್ರಿಕ್ ಬ್ರಾಂಡಿಸ್ ಇದನ್ನು ಚೆನ್ನಾಗಿ ಬಳಸಿಕೊಂಡ. ಆನೆಯ ಮೇಲೆ ಕೂತು ಕಾಡು ಸುತ್ತುತ್ತಾ, ಕೈಯಲ್ಲಿ ಬಿದಿರಿನ ತುಂಡುಗಳನ್ನು ಹಿಡಿದು, ಕಂಡ ಪ್ರತಿ ತೇಗಕ್ಕೂ ಅದರ ಸುತ್ತಳತೆಗೆ ತಕ್ಕ ಬಿದಿರಿನ ಮೇಲೆ ಚಾಕುವಿನಿಂದ ಒಂದು ಗೀರು ಹಾಕುತ್ತಿದ್ದ. ಯಾವ ಗಾತ್ರದ ಮರಗಳು ಎಷ್ಟಿವೆ ಎಂಬುದು ಹೀಗೆ ಸಿಕ್ಕಿತು. ಒಂದು ಗಾತ್ರದಿಂದ ಮುಂದಿನ ಗಾತ್ರಕ್ಕೆ ಏರಲು ಎಷ್ಟು ವರ್ಷ ಹಿಡಿಯುತ್ತದೆ ಎಂಬುದನ್ನು ಕಡಿದ ಮರಗಳ ಉಂಗುರ ಹೇಳಿತು. ಆರು ಅಡಿಗೆ ಮೇಲ್ಪಟ್ಟ ಸುತ್ತಳತೆಯ ಮರಗಳನ್ನು ಕಡಿಯಬೇಕು, ಅದೂ ಕೆಳಗಿನ ಗಾತ್ರದವು ಬೆಳೆದು ತುಂಬಿಕೊಡುವಷ್ಟನ್ನೇ ಎಂಬ ಲೆಕ್ಕ ಅಲ್ಲಿಂದ ಹುಟ್ಟಿತು. ಜಾವಾದ ತೇಗದಲ್ಲಿ 1514ರಿಂದ 1929ರವರೆಗಿನ ಉಂಗುರ ಸರಣಿಯನ್ನು ಬೆರ್ಲಾಖೆ ಎಂಬ ವಿಜ್ಞಾನಿ 1931ರಲ್ಲೇ ಪ್ರಕಟಿಸಿದರು. ನಮ್ಮ ಪಕ್ಕದ ಕೇರಳದ ಘಟ್ಟದ ತೇಗದಿಂದ ಪುಣೆಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1481ರಿಂದ 2003ರವರೆಗೆ, ಅಂದರೆ 523 ವರ್ಷಗಳ ಮುಂಗಾರಿನ ಚರಿತ್ರೆ ಓದಿದ್ದಾರೆ.

ಅಮೆಜಾನ್‌ನ ನದೀತೀರದ ಕಥೆ ಬೇರೆ. ಅಲ್ಲಿ ಮರವನ್ನು ನಿದ್ದೆಗೆ ತಳ್ಳುವುದು ನೀರು. ನದಿಯ ಇಕ್ಕೆಲಗಳ ತಗ್ಗು ಕಾಡಿಗೆ ಅಲ್ಲಿ ವಾರ್ಜಿಯ ಎನ್ನುತ್ತಾರೆ. ಮಧ್ಯ ಅಮೆಜಾನ್‌ನಲ್ಲಿ ವರ್ಷಕ್ಕೊಮ್ಮೆ ನದಿ ಸರಾಸರಿ ಹತ್ತು ಮೀಟರ್ ಏರಿ ಇಳಿಯುತ್ತದೆ. ತಿಂಗಳುಗಟ್ಟಲೆ ಕಾಂಡಗಳು ನೀರಿನಲ್ಲಿ ಮುಳುಗಿ ನಿಲ್ಲುತ್ತವೆ, ಕಾಡಿನ ನಡುವೆ ದೋಣಿ ಓಡುತ್ತದೆ. ಬೇರಿಗೆ ಆಮ್ಲಜನಕ ಸಿಗದೆ ಎಷ್ಟೋ ಮರಗಳು ಎಲೆ ಉದುರಿಸುತ್ತವೆ, ತೊಗಟೆಯೊಳಗಿನ ಕ್ಯಾಂಬಿಯಂ ಪದರ ಹೊಸ ಕಟ್ಟಿಗೆ ಕಟ್ಟುವುದನ್ನು ನಿಲ್ಲಿಸುತ್ತದೆ. ನೀರಿಳಿದ ಮೇಲೆ ಮತ್ತೆ ಬೆಳವಣಿಗೆ. ಪ್ರವಾಹಕ್ಕೊಂದು ಉಂಗುರ, ವರ್ಷಕ್ಕೊಂದು ಪ್ರವಾಹ.

ಇದು ನಿಜವಾಗಿಯೂ ವರ್ಷಕ್ಕೊಂದೇ ಎಂದು ಖಾತ್ರಿಪಡಿಸಿಕೊಂಡ ಬಗೆಗಳು ಎರಡು, ಎರಡೂ ಮೆಚ್ಚುವಂಥವು. 1960ರ ದಶಕದಲ್ಲಿ ಫ್ರಾನ್ಸಿನ ಅಲೆನ್ ಮಾರಿಯೋ ಮರದ ತೊಗಟೆಯಲ್ಲಿ ಪುಟ್ಟ ಕಿಟಕಿ ಕೊರೆದು ಗಾಯ ಮಾಡಿ, ಮುಂದಿನ ವರ್ಷ ಇನ್ನೊಂದು ಗಾಯ ಮಾಡಿ, ಆಮೇಲೆ ಮರ ಕಡಿದು ಎರಡು ಕಲೆಗಳ ನಡುವೆ ಉಂಗುರ ಎಷ್ಟಿವೆ ಎಂದು ನೋಡುವ ವಿಧಾನ ಕೊಟ್ಟರು. ಇನ್ನೊಂದಕ್ಕೆ ಸಾಕ್ಷಿ ಒದಗಿಸಿದ್ದು ಅಣುಬಾಂಬು. 1963ರ ನಿಷೇಧ ಒಪ್ಪಂದಕ್ಕೆ ಮುಂಚೆ ಬಯಲಿನಲ್ಲಿ ಸಿಡಿಸಿದ ಬಾಂಬುಗಳಿಂದ ಗಾಳಿಯಲ್ಲಿ ಕಾರ್ಬನ್-14 ಒಮ್ಮೆಲೇ ಏರಿತು, ಆಮೇಲೆ ಇಳಿಯುತ್ತಾ ಬಂತು. ಆ ಏರಿಳಿತವನ್ನು ಭೂಮಿಯ ಮೇಲಿನ ಎಲ್ಲ ಮರಗಳೂ ಉಸಿರಿನೊಂದಿಗೆ ಒಳಗೆಳೆದುಕೊಂಡವು. ವಿಜ್ಞಾನಿಗಳಾದ ಮಾರ್ಟಿನ್ ವೋರ್ಬೆಸ್ ಮತ್ತು ವೋಲ್ಫ್‌ಗ್ಯಾಂಗ್ ಯುಂಕ್ 1989ರಲ್ಲಿ ಅಮೆಜಾನ್ ಮರಗಳ ಉಂಗುರಗಳಲ್ಲಿ ಆ ಗುರುತನ್ನು ಹುಡುಕಿ, ಎಣಿಕೆಯೊಂದಿಗೆ ತಾಳೆ ನೋಡಿದರು.

ಇಷ್ಟು ತಳಹದಿ ಸಿಕ್ಕ ಮೇಲೆ ಯೋಖೆನ್ ಶೋನ್‌ಗಾರ್ಟ್ ಎಂಬ ವಿಜ್ಞಾನಿ ಬ್ರೆಜಿಲ್‌ನ ಮಮಿರವಾ ಸಂರಕ್ಷಿತ ಪ್ರದೇಶದ ಹನ್ನೆರಡು ನಾಟಾ ಜಾತಿಗಳ ಉಂಗುರ ಅಳೆದು 2008ರಲ್ಲಿ ಹೊಸದೊಂದು ಪದ್ಧತಿ ಮುಂದಿಟ್ಟರು. ಮರ ಪ್ರತಿ ವರ್ಷ ಎಷ್ಟು ಕಟ್ಟಿಗೆ ಸೇರಿಸಿಕೊಳ್ಳುತ್ತದೆ ಎಂದು ಉಂಗುರಗಳಿಂದ ಲೆಕ್ಕ ಹಾಕಿದರೆ, ಎಳೆಯದರಲ್ಲಿ ಅದು ಕಡಿಮೆ, ಆಮೇಲೆ ಏರುತ್ತಾ ಹೋಗಿ ಒಂದು ಗರಿಷ್ಠ ಮಟ್ಟ ಮುಟ್ಟಿ ಇಳಿಯತೊಡಗುತ್ತದೆ. ಗರಿಷ್ಠ ಮಟ್ಟ ಮುಟ್ಟಿದ ಹೊತ್ತಿನಲ್ಲಿ ಕಾಂಡದ ಅಡ್ಡಳತೆ ಎಷ್ಟಿರುತ್ತದೋ ಅದು ಆ ಜಾತಿಯನ್ನು ಕಡಿಯಬಹುದಾದ ಕನಿಷ್ಠ ಅಳತೆ. ಆ ಅಳತೆ ಮುಟ್ಟುವವರೆಗೆ ಮರ ಪ್ರತಿ ಹತ್ತು ಸೆಂಟಿಮೀಟರ್ ದಪ್ಪವಾಗಲು ಸರಾಸರಿ ಹಿಡಿಯುವ ಕಾಲವೇ ಎರಡು ಕಡಿತಗಳ ನಡುವಿನ ಬಿಡುವು. ಬಂದ ಉತ್ತರಗಳನ್ನು ನೋಡಿ. ಕನಿಷ್ಠ ಅಡ್ಡಳತೆ ಒಂದು ಜಾತಿಗೆ 47 ಸೆಂಟಿಮೀಟರ್, ಇನ್ನೊಂದಕ್ಕೆ 70. ಬಿಡುವು ಒಂದಕ್ಕೆ 3 ವರ್ಷವಾದರೆ ಮತ್ತೊಂದಕ್ಕೆ 32. ಹಗುರ ಕಟ್ಟಿಗೆಯ ಮರಗಳು 15ರಿಂದ 67 ವರ್ಷಗಳಲ್ಲಿ ಕಡಿತಕ್ಕೆ ಬಂದರೆ, ಗಟ್ಟಿ ಕಟ್ಟಿಗೆಯವಕ್ಕೆ 106ರಿಂದ 151 ವರ್ಷ ಬೇಕು. ಅಲ್ಲಿಗೆ 50 ಸೆಂಟಿಮೀಟರ್ ಎಂಬ ಒಂದೇ ಅಂಕಿಯ ಬಣ್ಣ ಬಯಲಾಯಿತು.

ಬೊಲಿವಿಯಾದಲ್ಲೂ ಇದೇ ಪಾಠ. ಅಲ್ಲಿನ ಕಾಯ್ದೆಯಂತೆ ಎರಡು ಕಡಿತಗಳ ನಡುವೆ ಕನಿಷ್ಠ 20 ವರ್ಷದ ಅಂತರವಿರಬೇಕು. ಸಂಶೋಧಕರಾದ ರೂಲ್ ಬ್ರೀನೆನ್ ಮತ್ತು ಪೀಟರ್ ಝುಯ್ಡೆಮಾ ನಾಲ್ಕು ಜಾತಿಗಳ ಉಂಗುರ ಅಳೆದು 2006ರಲ್ಲಿ ಲೆಕ್ಕ ಕೊಟ್ಟರು: ಎರಡನೆಯ ಸುತ್ತಿನಲ್ಲಿ ಮೊದಲ ಸಲದ ಅರ್ಧದಷ್ಟೂ ನಾಟಾ ಸಿಗುವುದಿಲ್ಲ. ನೂರಾರು ವರ್ಷ ಕೂಡಿಟ್ಟ ಗಂಟನ್ನು ಮೊದಲ ಸುತ್ತಿನಲ್ಲೇ ಹೊತ್ತೊಯ್ದ ಮೇಲೆ ಇಪ್ಪತ್ತು ವರ್ಷದ ಬಡ್ಡಿಯಲ್ಲಿ ಅದು ತುಂಬೀತು ಎಂದು ನಂಬುವುದು ಹೇಗೆ? ಕಾಗದದ ಮೇಲೆ ಇದಕ್ಕೆ ಸುಸ್ಥಿರ ಎಂಬ ಹೆಸರು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಮಮಿರವಾ ನನಗೆ ಹತ್ತಿರವೆನಿಸಲು ಇನ್ನೊಂದು ಕಾರಣವಿದೆ. ಬ್ರಾಂಡಿಸ್‌ನ ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಸಾಮ್ರಾಜ್ಯದ ಹಡಗು, ರೈಲುಗಳಿಗೆ ಮರ ಒದಗಿಸಲು ಹುಟ್ಟಿದ್ದು. ಅದೇ ವ್ಯವಸ್ಥೆ ಭಾರತಕ್ಕೆ ಬಂದು, ಕಾಡಿನೊಳಗೇ ಬಾಳಿದವರನ್ನು ಕಾಡಿನ ಕಳ್ಳರೆಂದು ಕರೆಯಿತು. ಆ ಗಾಯ ನಮ್ಮ ಘಟ್ಟದ ಊರುಗಳಲ್ಲಿ ಇನ್ನೂ ಮಾಗಿಲ್ಲ. ಮಮಿರವಾದಲ್ಲಿ, ಅದು ಹನ್ನೊಂದು ಲಕ್ಷ ಹೆಕ್ಟೇರಿಗೂ ಮೀರಿದ ಪ್ರದೇಶ, ನದೀತೀರದ ಊರಿನವರು ಒಳಗೇ ಉಳಿದಿದ್ದಾರೆ, ಮರ ಕಡಿಯುವವರೂ ಅವರೇ. ನೀರಿಳಿದಾಗ ಉರುಳಿಸಿದ ದಿಮ್ಮಿಗಳನ್ನು ನೀರೇರಿದಾಗ ತೇಲಿಸಿ ಸಾಗಿಸುತ್ತಾರೆ. ಕಾಡಿಗೆ ರಸ್ತೆ ಕಡಿಯಬೇಕಿಲ್ಲ, ಬುಲ್ಡೋಜರ್ ಬೇಕಿಲ್ಲ. ಮುಂದಿನ ಸರದಿ ಯಾವಾಗ ಎಂಬ ಪ್ರಶ್ನೆ ಅಲ್ಲೇ ಮಕ್ಕಳನ್ನು ಬೆಳೆಸುವವನಿಗೆ ಮುಖ್ಯವಾದಷ್ಟು ಗುತ್ತಿಗೆ ಮುಗಿಸಿ ಹೊರಡುವವನಿಗೆ ಆಗಲಾರದು.

ಉಂಗುರಕ್ಕೂ ಮಿತಿಗಳಿವೆ. ಕೆಲವು ಜಾತಿಗಳಲ್ಲಿ ಗೆರೆಗಳು ಮಸುಕು, ಕೆಲವದರಲ್ಲಿ ಅರ್ಧ ಸುತ್ತಿ ಮಾಯವಾಗುತ್ತವೆ, ಕೆಟ್ಟ ವರ್ಷದಲ್ಲಿ ಮೂಡುವುದೇ ಇಲ್ಲ. ಬೈರಿಗೆಯಂಥ ಟೊಳ್ಳು ಉಪಕರಣವನ್ನು ತಿರುಗಿಸಿ ಕಾಂಡದಿಂದ ಐದು ಮಿಲಿಮೀಟರ್ ದಪ್ಪದ ಕಡ್ಡಿಯೊಂದನ್ನು ಹೊರತೆಗೆಯಬೇಕು, ಅದನ್ನು ಮರಳು ಕಾಗದದಿಂದ ಕನ್ನಡಿಯಂತೆ ಹೊಳೆಯುವಷ್ಟು ಉಜ್ಜಬೇಕು, ಸೂಕ್ಷ್ಮದರ್ಶಕದಡಿ ಗೆರೆ ಗೆರೆಯನ್ನೂ ಅಳೆಯಬೇಕು. ಗಟ್ಟಿ ಮರದಲ್ಲಿ ಉಪಕರಣವೇ ಮುರಿದುಹೋಗುವುದುಂಟು. ಆದರೆ ಹೀಗೆ ಉಜ್ಜಿದ ಕಡ್ಡಿಯೊಂದು ಹೇಳುವ ಸಂಗತಿಯನ್ನು ಬೇರಾವುದೂ ಹೇಳದು: ದಶಕಗಳ ಕಾಲ ನೆರಳಿನಲ್ಲಿ ಬಿದ್ದು ಕೂದಲೆಳೆಯಷ್ಟು ಸಣ್ಣ ಗೆರೆಗಳು, ಪಕ್ಕದ ದೊಡ್ಡ ಮರ ಬಿದ್ದು ಬೆಳಕು ಸಿಕ್ಕ ವರ್ಷದಿಂದ ಒಮ್ಮೆಲೇ ಅಗಲ ಗೆರೆಗಳು. ಕಾಡಿನಲ್ಲಿ ಗುರುತು ಹಾಕಿ ವರ್ಷ ವರ್ಷ ಅಳೆಯುವ ಪ್ಲಾಟುಗಳು ಸಸಿ ಎಷ್ಟು ಹುಟ್ಟಿದವು, ಎಷ್ಟು ಸತ್ತವು ಎಂದು ತಿಳಿಸುತ್ತವೆ, ಅವು ಬೇಕೇ ಬೇಕು. ಆದರೆ ನೂರೈವತ್ತು ವರ್ಷದ ಮರದ ಬದುಕನ್ನು ಅಲ್ಲಿ ಪೂರ್ತಿ ನೋಡಲು ಯಾವ ಸಂಶೋಧಕನ ಆಯುಷ್ಯವೂ ಸಾಲದು.

ಅಮೆಜಾನ್‌ನಲ್ಲಿ ಮರದ ಜಾತಿಗಳು ಸಾವಿರ ಸಾವಿರ, ಮಾರುಕಟ್ಟೆಗೆ ಬರುವವೇ ನೂರಾರು. ಉಂಗುರ ಓದಿರುವುದು ಅವುಗಳಲ್ಲಿ ಕೆಲವನ್ನಷ್ಟೇ. ಉಳಿದವನ್ನು ಓದಲು ನಿಂತ ಮರಕ್ಕೆ ಕೈಹಚ್ಚಬೇಕಾಗಿಯೂ ಇಲ್ಲ. ಪರವಾನಗಿ ಪಡೆದು ಉರುಳಿಸುವ ಪ್ರತಿ ಜಾತಿಯ ಬುಡದಿಂದ ಒಂದೊಂದು ಬಿಲ್ಲೆ ಕೊಯ್ದು ಕೊಡಬೇಕೆಂದು ಆ ಪರವಾನಗಿಯಲ್ಲೇ ಒಂದು ಸಾಲು ಬರೆದರೆ ಸಾಕು, ಪ್ರಯೋಗಾಲಯಕ್ಕೆ ಬೇಕಾದ ಸಾಮಗ್ರಿ ಕಡಿತದ ಜೊತೆಗೇ ಬರುತ್ತದೆ. ಹೀಗೆ ಆಗಬೇಕೆಂಬುದು ನನ್ನ ಒತ್ತಾಯ. ಅದೂ ಕಡಿದ ಹಂಗಾಮಿನಲ್ಲೇ ಆಗಬೇಕು. ಆ ತೇವ, ಆ ಗೆದ್ದಲು, ಆ ಶಿಲೀಂಧ್ರಗಳ ನಡುವೆ ಮೆದು ಮರದ ಬೊಡ್ಡೆ ಕೆಲವೇ ವರ್ಷಗಳಲ್ಲಿ ಕೊಳೆತು ಮಣ್ಣಾಗುತ್ತದೆ.