ಹಸ್ತಾಕ್ಷರವೋ, ಉತ್ತರವೋ?

ಕಲಿತವನು ಕಲಿಯದವನಿಗೆ ಏನನ್ನು ಕೊಡಲು ಬದ್ಧನು? ಋಷಿಋಣವು ಅಧ್ಯಯನ, ಅಧ್ಯಾಪನಗಳಿಂದ ತೀರುವುದೆಂದು ನಮ್ಮ ಹಿರಿಯರು ಹೇಳಿದರು. ಆದರೆ ಯಾವುದನ್ನು ಕೊಟ್ಟರೆ ಆ ಋಣವು ತೀರಿತು, ಯಾವುದನ್ನು ಕೊಟ್ಟರೆ ಕೊಟ್ಟಂತೆ ತೋರಿಯೂ ಕೊಡದಂತೆ ಆಯಿತು ಎಂಬುದು ಸುಲಭವಾದ ಪ್ರಶ್ನೆಯಲ್ಲ. ಕೊಲ್ಲಾಪುರದಲ್ಲಿ ಹುಟ್ಟಿದ ಖಗೋಲವಿಜ್ಞಾನಿ ಜಯಂತ ವಿಷ್ಣು ನಾರಳೀಕರರ (೧೯೩೮–೨೦೨೫) ಒಂದು ನಡೆಯು ಈ ಜಿಜ್ಞಾಸೆಗೆ ಸಹಾಯಕವಾಗಿದೆ.

೧೯೬೪ರಲ್ಲಿ, ಕೇಂಬ್ರಿಜಿನಲ್ಲಿ, ತಮ್ಮ ಗುರು ಫ್ರೆಡ್ ಹಾಯ್ಲರೊಡನೆ ಗುರುತ್ವಾಕರ್ಷಣೆಯ ಹೊಸ ಸಿದ್ಧಾಂತವನ್ನು ಮಂಡಿಸಿದಾಗ ಅವರು ಇಪ್ಪತ್ತೈದರ ಆಸುಪಾಸಿನ ತರುಣರು. ಮರುವರ್ಷವೇ ಪದ್ಮಭೂಷಣ ಬಂದಿತು. ಇಂಥವರ ಸುತ್ತ ಮಕ್ಕಳು ನೆರೆಯುವುದು ಸಹಜವೇ. ಉಪನ್ಯಾಸ ಮುಗಿದೊಡನೆ ಹಸ್ತಾಕ್ಷರ ಬೇಡುವ ಶಾಲಾಬಾಲಕರಿಗೆ ಅವರು ಹೇಳುತ್ತಿದ್ದುದು ಬೇರೆಯೇ ಮಾತು: ವಿಜ್ಞಾನದ ಪ್ರಶ್ನೆಯೊಂದನ್ನು ಅಂಚೆಕಾರ್ಡಿನಲ್ಲಿ ಬರೆದು ಕಳುಹಿಸಿರಿ, ಉತ್ತರ ಬರೆದು ಅದರ ಕೆಳಗೆ ಸಹಿ ಮಾಡುತ್ತೇನೆ ಎಂದು.

ಕೈಚಾಚಿ ನಿಂತ ಮಗುವಿಗೆ ಇದು ಮೊದಲು ನಿಷ್ಠುರವೆನಿಸಿದ್ದೀತು. ಆದರೆ ವಿಚಾರಿಸಿ ನೋಡೋಣ. ಸಹಿ ಪಡೆದ ಹುಡುಗನಿಗೆ ಅದನ್ನು ನಾಲ್ವರಿಗೆ ತೋರಿಸುವುದಲ್ಲದೆ ಬೇರೆ ಕೆಲಸವಿಲ್ಲ. ಪ್ರಶ್ನೆ ಬರೆಯಬೇಕಾದವನಾದರೋ ಮೊದಲು ಪ್ರಶ್ನೆಯನ್ನು ಹುಡುಕಬೇಕು. ಪಾಠದ ಕೊನೆಗೆ "ಏನಾದರೂ ಸಂಶಯವಿದೆಯೇ?" ಎಂದು ಕೇಳಿ ಮೌನವನ್ನೇ ಉತ್ತರವಾಗಿ ಪಡೆಯುವ ನಮ್ಮಂಥ ಶಿಕ್ಷಕರಿಗೆ ಅದು ಎಷ್ಟು ಕಷ್ಟವೆಂಬುದು ಗೊತ್ತಿದೆ. ತನಗೆ ತಿಳಿದುದು ಎಲ್ಲಿ ಮುಗಿಯಿತೆಂದು ಕಂಡುಕೊಂಡವನಿಗಲ್ಲದೆ ಪ್ರಶ್ನೆ ಹುಟ್ಟದು. ಉತ್ತರವು ಬರುವ ಮೊದಲೇ, ಕಾರ್ಡಿನ ಅಂಗೈಯಗಲದ ಜಾಗದಲ್ಲಿ ಮಾತನ್ನು ಒಪ್ಪಗೊಳಿಸುವಾಗಲೇ, ಅರ್ಧ ವಿದ್ಯೆಯು ಅವನಿಗೆ ದಕ್ಕಿರುತ್ತದೆ.

ಸಂಶೋಧಕನ ಅಮೂಲ್ಯ ಸಮಯವನ್ನು ಮಕ್ಕಳ ಕಾರ್ಡುಗಳಿಗೆ ವ್ಯಯಿಸುವುದು ತರವೇ ಎಂಬ ಆಕ್ಷೇಪವುಂಟು. ಆ ಮಕ್ಕಳಲ್ಲಿ ಯಾರೋ ಒಬ್ಬನು ನಾಳೆ ವಿಜ್ಞಾನಿಯಾದಾನು ಎಂಬ ಸಮಾಧಾನವನ್ನು ನಾವು ಒಪ್ಪಲಾರೆವು. ಅದು ಲಾಭ ಎಣಿಸುವವರ ಮಾತು. ಮುಂದೆ ಕಿರಾಣಿ ಅಂಗಡಿಯಲ್ಲಿ ಕುಳಿತುಕೊಳ್ಳುವವನಿಗೂ ಮೇಲಿರುವುದು ಅದೇ ಆಕಾಶವಲ್ಲವೇ? ೧೯೮೮ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಖಗೋಲವಿಜ್ಞಾನದ ಅಂತರ ವಿಶ್ವವಿದ್ಯಾಲಯ ಕೇಂದ್ರಕ್ಕೆ ಅವರೇ ಮೊದಲ ನಿರ್ದೇಶಕರು; ಅಲ್ಲಿ ಶನಿವಾರಗಳಂದು ಶಾಲಾಮಕ್ಕಳಿಗಾಗಿ ಉಪನ್ಯಾಸಗಳು ನಡೆಯುತ್ತ ಬಂದವು.

ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದು. ವಿಶ್ವವು ಮಹಾಸ್ಫೋಟದಿಂದ ಆರಂಭವಾಯಿತೆಂಬುದನ್ನು ನಾರಳೀಕರರು ಕೊನೆಯವರೆಗೂ ಒಪ್ಪಲಿಲ್ಲ. ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ಸೂಕ್ಷ್ಮತರಂಗಗಳ ಸುದ್ದಿಯು ೧೯೬೫ರಲ್ಲಿ ಪ್ರಕಟವಾದ ಮೇಲೆ ಬಹುಮಂದಿ ವಿದ್ವಾಂಸರು ಎದುರು ಪಕ್ಷವನ್ನೇ ಸೇರಿದರು. ಹಾಗಿದ್ದೂ ೧೯೮೩ರಲ್ಲಿ ಅವರು ವಿದ್ಯಾರ್ಥಿಗಳಿಗಾಗಿ ಪ್ರಕಟಿಸಿದ ವಿಶ್ವವಿಜ್ಞಾನದ ಪಠ್ಯಪುಸ್ತಕವು ತಾವು ಒಪ್ಪದ ಆ ಸಿದ್ಧಾಂತವನ್ನೂ ಸಾಂಗವಾಗಿ ಕಲಿಸುತ್ತದೆ. ಶಿಷ್ಯನನ್ನು ತನ್ನ ಪಕ್ಷಕ್ಕೆ ಎಳೆದುಕೊಳ್ಳಲು ಗುರುವಿಗಿರುವಷ್ಟು ಅನುಕೂಲ ಇನ್ನಾರಿಗೂ ಇಲ್ಲ. ಆ ಅನುಕೂಲವನ್ನು ಬಳಸದಿರುವುದು ದಾನಕ್ಕಿಂತ ದೊಡ್ಡದೆಂದು ನಮ್ಮ ಅಭಿಪ್ರಾಯ. (೧೯೭೪ರ ಮರಾಠಿ ವಿಜ್ಞಾನಕಥಾಸ್ಪರ್ಧೆಗೆ ಅವರು ಕಥೆ ಕಳುಹಿಸಿದ್ದೂ ಬೇರೆ ಹೆಸರಿನಿಂದಲೇ. ಬಹುಮಾನವೂ ಬಂದಿತೆನ್ನಿ!)

ಇನ್ನು ನಮ್ಮ ಸಂಗತಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಯ ಮಗುವಿಗೆ ಪ್ರಶ್ನೆ ಏಳುವುದು ಕನ್ನಡದಲ್ಲಿ. ಅದನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಹೇಳಲು ಪದ ಹುಡುಕುವಷ್ಟರಲ್ಲಿ ಪ್ರಶ್ನೆಯೇ ಆರಿಹೋಗುತ್ತದೆ. ಆದುದರಿಂದ ಅದರ ಮೊದಲ ಅಂಚೆಮನೆ ನಾವೇ ಆಗಬೇಕು. ನಕ್ಷತ್ರಗಳು ಮಿನುಗುವಾಗ ಗುರುಗ್ರಹವೇಕೆ ನಿಶ್ಚಲವಾಗಿ ಬೆಳಗುತ್ತದೆ ಎಂದು ಐದನೆಯ ಇಯತ್ತೆಯ ಬಾಲಕಿಯೊಬ್ಬಳು ಕೇಳಿದಳೆನ್ನೋಣ. "ಮುಂದಿನ ತರಗತಿಯಲ್ಲಿ ಬರುತ್ತದೆ" ಎನ್ನುವುದು ಸುಲಭ. ನಕ್ಷತ್ರವು ಅತಿದೂರದ ಬಿಂದು, ಗಾಳಿಯ ನಡುಕವು ಅದರ ಬೆಳಕನ್ನು ಅಲುಗಿಸುತ್ತದೆ. ಗುರುವು ಕಿರುಬಿಲ್ಲೆ, ಅದರ ಹಲವು ಬಿಂದುಗಳ ನಡುಕಗಳು ಒಂದರೊಳಗೊಂದು ಅಡಗಿಹೋಗುತ್ತವೆ. ಇಷ್ಟು ಒಂದು ಕಾರ್ಡಿನಲ್ಲಿ ಹಿಡಿಯುತ್ತದೆ. ವಿಶ್ವಕ್ಕೆ ಆರಂಭವಿತ್ತೇ ಎಂದು ಅವಳೇ ಮತ್ತೆ ಕೇಳಿದರೆ ಬಹುಮತದ ಉತ್ತರವನ್ನೂ, ಒಪ್ಪದವರ ತಕರಾರನ್ನೂ ಬರೆಯಬೇಕಾಗುವುದು. ಆಗ ಕಾರ್ಡು ಸಾಲದೆ ಲಕೋಟೆಯೇ ಬೇಕಾದೀತು.