ಬಾರದ ನೆರೆಗೆ ಮಾಡಿದ ಖರ್ಚು

🪷 *ಇಂದಿನ ಚಿಂತನೆ* 🪷



ಮಿರಗಿನ ಮಳೆ ಇನ್ನೇನು ಕೂಡಲಿದೆ. ಕಳೆದ ಭಾನುವಾರ ವಡಗಾವಿಯಿಂದ ಯಳ್ಳೂರ ಕಡೆ ಹೋಗುವಾಗ ಬಳ್ಳಾರಿ ನಾಲಾದ ದಂಡೆಯ ಮೇಲೆ ಸ್ವಲ್ಪ ಹೊತ್ತು ನಿಂತೆ. ನೀರು ಕಾಣಲಿಲ್ಲ. ಕಂಡದ್ದು ಜಲಕಳೆ, ಹೂಳು, ಪ್ಲಾಸ್ಟಿಕ್ ಚೀಲ. ಬದುವಿನ ಮೇಲೆ ಕೂತಿದ್ದ ಹಿರಿಯ ರೈತರೊಬ್ಬರು ತಾವಾಗಿಯೇ ಮಾತಾಡಿಸಿದರು: "ಅಕ್ಕೋರ, ನೀರ ಬಂದ ಮ್ಯಾಲ ಎಲ್ಲಾರೂ ಬರ್ತಾರ. ನೀರ ಬರೂಕಿಂತ ಮೊದಲ ಯಾರೂ ಬರೂದಿಲ್ಲ."

ಆ ಮಾತು ನನಗೇ ತಾಗಿತು. 2019ರ ಆಗಸ್ಟ್‌ನಲ್ಲಿ ನೆರೆ ಬಂದಾಗ ನಾವೆಲ್ಲ ಓಡಾಡಿದ್ದೆವು. ಚಾದರ, ಅಕ್ಕಿ, ಬಿಸ್ಕಿಟ್ ಕೂಡಿಸಿ ಹಂಚಿದೆವು, ಫೋಟೋ ತೆಗೆದು ಇದೇ ಗುಂಪಿನಲ್ಲಿ ಹಾಕಿದೆವು. ಆಮೇಲೊಂದು ಬೇಸಿಗೆಯಲ್ಲಿ ನಾಲಾದ ಹೂಳು ತೆಗೆಸಲು ಅರ್ಜಿ ಕೊಡೋಣ ಬನ್ನಿ ಎಂದು ಒಬ್ಬರು ಕರೆದರು. ಶಾಲೆಯ ಕೆಲಸವಿದೆ ಎಂದು ನಾನು ಹೋಗಲಿಲ್ಲ. ಕೆಲಸ ಇತ್ತು ನಿಜ, ಆದರೆ ನೆರೆಯ ದಿನಗಳಲ್ಲಿ ಅದೇ ಕೆಲಸ ಬಿಟ್ಟು ಓಡಿದ್ದೆನಲ್ಲ?

*ಬಂದ ದುಃಖಕ್ಕೆ ಕೈ ಚಾಚಿದರೆ ಅದು ಕರುಣೆ. ಬಾರದ ಹಾಗೆ ತಡೆದರೆ ಅದಕ್ಕೆ ಏನೆನ್ನಬೇಕು?*

ಅಷ್ಟಾಂಗ ಮಾರ್ಗದ ಸಮ್ಯಕ್ ವ್ಯಾಯಾಮದಲ್ಲಿ ನಾಲ್ಕು ಪ್ರಯತ್ನಗಳಿವೆ. ಅವುಗಳಲ್ಲಿ ಮೊದಲನೆಯದು, ಇನ್ನೂ ಹುಟ್ಟದ ಕೇಡು ಹುಟ್ಟದಂತೆ ನೋಡಿಕೊಳ್ಳುವುದು. ಹುಟ್ಟಿದ ಕೇಡನ್ನು ಕಳೆಯುವುದು ಎರಡನೆಯದು. ಇದನ್ನು ಹೇಳಿದ್ದು ಮನಸ್ಸಿನ ವಿಷಯಕ್ಕೆ. ಆದರೆ ಊರಿಗೂ ಇದು ಹೊಂದುತ್ತದೆ. ಸಂಯುತ್ತ ನಿಕಾಯದ ಒಂದು ಸುತ್ತದಲ್ಲಿ ತೋಪು ಬೆಳೆಸುವವರ, ಸೇತುವೆ ಕಟ್ಟುವವರ, ಬಾವಿ ತೋಡಿಸುವವರ ಪುಣ್ಯ ಹಗಲಿರುಳೂ ಬೆಳೆಯುತ್ತದೆ ಎಂಬ ಭಾವವಿದೆ. ಕಟ್ಟಿದವನು ಮಲಗಿದ್ದರೂ ಸೇತುವೆ ಕೆಲಸ ಮಾಡುತ್ತಿರುತ್ತದೆ, ಅದಕ್ಕೆ. ಆದರೆ ಸೇತುವೆ ನಿಂತಿರುವ ತನಕ ಮಾತ್ರ ತಾನೆ? ಹಾಗಾದರೆ ಬಿರುಕು ಮುಚ್ಚುವವನಿಗೂ, ಹೂಳೆತ್ತುವವನಿಗೂ ಆ ಪುಣ್ಯದಲ್ಲಿ ಪಾಲಿದೆ. ಅವನ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಇರುವುದಿಲ್ಲ.

ಸರ್ಕಾರದ ಹಣದ ಕಥೆಯೂ ನಮ್ಮ ಹಾಗೆಯೇ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪರಿಹಾರಕ್ಕೊಂದು, ತಡೆಗಟ್ಟುವುದಕ್ಕೊಂದು ನಿಧಿ ಇರಬೇಕೆಂದಿತು. ರಾಜ್ಯಗಳಲ್ಲಿ ತಡೆಗಟ್ಟುವ ಕೆಲಸಕ್ಕೆಂದೇ ಪಾಲು ನಿಗದಿಯಾದದ್ದು 15ನೇ ಹಣಕಾಸು ಆಯೋಗದ 2021-26ರ ಅವಧಿಗೆ: 100 ರೂಪಾಯಿಯಲ್ಲಿ 80 ಪರಿಹಾರ, ಪುನರ್ನಿರ್ಮಾಣ ಮತ್ತು ಸಿದ್ಧತೆಗೆ, 20 ತಡೆಗಟ್ಟುವುದಕ್ಕೆ. ಇಪ್ಪತ್ತಾದರೂ ಬಂತಲ್ಲ ಎಂದು ಸಮಾಧಾನಪಡಬಹುದು. ಆದರೆ ಇದಕ್ಕೆ ಅಧಿಕಾರಿಗಳನ್ನಷ್ಟೇ ದೂರಿದರೆ ಸಾಲದು. ಪರಿಹಾರದ ಚೆಕ್ಕಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಒಡೆಯದ ಒಡ್ಡಿಗೆ ಯಾರೂ ಹಾರ ಹಾಕುವುದಿಲ್ಲ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆಯಿದೆ. ಇವತ್ತು ಹಸಿದವನ ತಟ್ಟೆಯಿಂದ ತೆಗೆದು ನಾಳಿನ ಒಡ್ಡಿಗೆ ಹಾಕಬೇಕೆ? ಬೇಡ. ಆದರೆ ಇವತ್ತು ಹಸಿದವನೂ ನಾಳೆ ಮುಳುಗುವವನೂ ಹೆಚ್ಚಾಗಿ ಒಬ್ಬನೇ. ತಗ್ಗಿನ ಜಾಗ ಯಾವಾಗಲೂ ಬಡವರ ಪಾಲಿಗೆ ಬಂದಿರುತ್ತದೆ. 2019ರಲ್ಲಿ ಮನೆ ಪೂರ್ತಿ ಬಿದ್ದವರಿಗೆ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿತು. ಅದು ದೊಡ್ಡ ಮೊತ್ತವೇ. ಆದರೆ ಕೊಳೆತ ಭತ್ತದ ಹಂಗಾಮನ್ನು ಅದು ತಿರುಗಿ ತರಲಿಲ್ಲ. ಮಾರ್ಕ್ಸ್ ಕಾರ್ಡು, ಪುಸ್ತಕ ಎಲ್ಲ ನೀರಿಗೆ ಹೋಗಿ ಓದು ಬಿಟ್ಟ ನನ್ನ ಹಳೆಯ ವಿದ್ಯಾರ್ಥಿನಿಯ ಆ ವರ್ಷವನ್ನೂ ತರಲಿಲ್ಲ. ಕೆಲವು ನಷ್ಟಗಳಿಗೆ ಪರಿಹಾರವೆಂಬುದೇ ಇಲ್ಲ, ತಡೆಯಷ್ಟೇ ಇದೆ.

ಇನ್ನೊಂದು ಪ್ರಶ್ನೆ: ನಮ್ಮ ಓಣಿಗೆ ಒಡ್ಡು ಹಾಕಿದರೆ ನೀರು ಪಕ್ಕದ ಓಣಿಗೆ ಹೋಗುವುದಿಲ್ಲವೆ? ಹೋಗುತ್ತದೆ. ಮಲಪ್ರಭೆಯನ್ನೇ ನೋಡಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರ ಪಟ್ಟಣ ದಾಟಿ, ನವಿಲುತೀರ್ಥದ ಅಣೆಕಟ್ಟೆ ಸೇರುತ್ತಾಳೆ. 2019ರಲ್ಲಿ ಖಾನಾಪುರದ ಕಾಡಿನಲ್ಲಿ ಬಿದ್ದ ಮಳೆ ಅಣೆಕಟ್ಟೆ ತುಂಬಿಸಿತು. ಹೊರಬಿಟ್ಟ ನೀರು ರಾಮದುರ್ಗವನ್ನು ಮುಳುಗಿಸಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿತು. ಇದು ಇದ್ದರೆ ಅದು, ಇದು ಹುಟ್ಟಿದರೆ ಅದೂ. ಪ್ರತೀತ್ಯ ಸಮುತ್ಪಾದವನ್ನು ನದಿಗಿಂತ ಚೆನ್ನಾಗಿ ಕಲಿಸುವ ಮೇಷ್ಟ್ರು ಯಾರು?

ಬಾಬಾಸಾಹೇಬರು ಇದನ್ನು ಬಲ್ಲವರು. ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದಾಗ, ನವೆಂಬರ್ 1945ರ ಕಟಕ್ ಸಭೆಯಲ್ಲಿ ಒಡಿಶಾದ ನೆರೆಯ ಬಗ್ಗೆ ಮಾತಾಡುತ್ತ, ಹೆಚ್ಚಾದ ನೀರನ್ನೇ ಶತ್ರುವೆಂದು ಕಾಣುವ ಹಳೆಯ ತಿಳಿವಳಿಕೆ ತಪ್ಪು, ನೀರನ್ನು ಹಿಡಿದಿಟ್ಟು ಜನರ ಬಳಕೆಗೆ ತರಬೇಕು ಎಂಬ ನಿಲುವು ತಳೆದರು. ದಾಮೋದರ ಕಣಿವೆ ಯೋಜನೆಗೂ ಅವರು ದುಡಿದರು. ಒಂದೂರಿನ ಒಡ್ಡನ್ನಲ್ಲ, ಇಡೀ ಕಣಿವೆಯನ್ನು ಒಂದಾಗಿ ನೋಡುವ ದೃಷ್ಟಿ ಅದು. ಹಾಗೆ ನೋಡಿದಾಗ ತೆರಿಗೆಯ ಲೆಕ್ಕವೂ ಬದಲಾಗುತ್ತದೆ. ಟಿಳಕವಾಡಿಯ ಎತ್ತರದಲ್ಲಿ ಇರುವವರ ಮನೆಗೆ ನೀರು ನುಗ್ಗದಿರಬಹುದು, ಆದರೆ ಅವರ ಮನೆಯ ಗಟಾರದ ನೀರು ತಗ್ಗಿಗೇ ಹೋಗುತ್ತದೆ. ಆದ್ದರಿಂದ ತಗ್ಗಿನವರಿಗಾಗಿ ಎತ್ತರದವರು ಕೊಡುವ ಹಣವನ್ನು ದಾನವೆನ್ನಲಾರೆ, ಅದು ಋಣ ತೀರಿಸುವುದು.

*ಇಂದಿನ ಅಭ್ಯಾಸ* 🙏
▪️ ಮಳೆಗೆ ಮೊದಲು ನಿಮ್ಮ ಮನೆಗೆ ಹತ್ತಿರದ ನಾಲಾವನ್ನು ಒಮ್ಮೆ ಹೋಗಿ ನೋಡಿ.
▪️ ಅದಕ್ಕೆ ನಮ್ಮ ಮನೆಯಿಂದ ಏನು ಹೋಗುತ್ತಿದೆ ಎಂದು ಗಮನಿಸಿ.
▪️ ಗ್ರಾಮಸಭೆಯಲ್ಲಿ, ನಗರಸೇವಕರ ಮುಂದೆ ಒಂದೇ ಪ್ರಶ್ನೆ ಕೇಳಿ: ಹೊಸದು ಕಟ್ಟಲು ಎಷ್ಟು, ಇದ್ದದ್ದನ್ನು ಕಾಯಲು ಎಷ್ಟು?

ಈ ಕೆಲಸದಲ್ಲಿ ಫೋಟೋ ಸಿಗುವುದಿಲ್ಲ, ಕೈ ಮುಗಿಯುವವರೂ ಇರುವುದಿಲ್ಲ. ಭತ್ತ ಎಂದಿನಂತೆ ತೆನೆಯಾಗುತ್ತದೆ, ಅಷ್ಟೆ. ಈ ಬಾರಿ ಅರ್ಜಿ ಕೊಡಲು ನಾನು ಹೋಗುತ್ತೇನೆ. ಬರುವವರು ತಿಳಿಸಿ. ನೀರು ಬರುವ ಮೊದಲು ಬಂದವರಾಗೋಣ.

ಸಾಧು, ಸಾಧು, ಸಾಧು 🙏